ಒಪ್ಪಿಗೆಯಿಲ್ಲದ ದಾಖಲಾತಿಗೆ ಕಾನೂನಿನ ಕಾವಲು: ಮೊದಲ 30 ದಿನಗಳದ್ದೇ ಚಿಂತೆ

ಮನೆಯವರು ಒಂದು ಸಹಿ ಹಾಕಿಬಿಟ್ಟರೆ ಮಾನಸಿಕ ಆಸ್ಪತ್ರೆಯವರು ಯಾರನ್ನು ಬೇಕಾದರೂ ಒಳಗಿಟ್ಟುಕೊಳ್ಳಬಹುದು ಎಂಬ ನಂಬಿಕೆ ನಮ್ಮ ಊರುಗಳಲ್ಲಿ ಇನ್ನೂ ಗಟ್ಟಿಯಾಗಿದೆ. ಹೊಸ ಕಾನೂನು ಬಂದ ಮೇಲೆ ರೋಗಿ ಒಪ್ಪದಿದ್ದರೆ ಯಾರೂ ಏನೂ ಮಾಡುವ ಹಾಗಿಲ್ಲ ಎಂಬ ಮಾತೂ ಓಡಾಡುತ್ತಿದೆ. ಎರಡೂ ತಪ್ಪು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರ ಮೇ 29ರಿಂದ ಜಾರಿಯಲ್ಲಿದೆ. ತನ್ನ ಒಳಿತು ಕೆಡುಕು ತೀರ್ಮಾನಿಸಲಾಗದ ಸ್ಥಿತಿಯಲ್ಲಿರುವವರನ್ನು ಸೇರಿಸಿಕೊಳ್ಳಲು ಅದು ದಾರಿ ಬಿಟ್ಟಿದೆ, ಆ ದಾರಿಯುದ್ದಕ್ಕೂ ಕಾವಲನ್ನೂ ಇಟ್ಟಿದೆ. ಆ ಕಾವಲು ಎಲ್ಲಿ ಗಟ್ಟಿ, ಎಲ್ಲಿ ಸಡಿಲ, ಬೇಕಾದಾಗ ಅದನ್ನು ಬಳಸುವುದು ಹೇಗೆ ಎಂಬುದನ್ನು ಇಲ್ಲಿ ತೂಗಿ ನೋಡಿದ್ದೇವೆ. ಯಾವುದೋ ಒಂದು ಆಸ್ಪತ್ರೆಯ ವಿಮರ್ಶೆ ಇದಲ್ಲ. ಕಾಯ್ದೆ ನಾಗರಿಕರಿಗೆ ಪುಕ್ಕಟೆಯಾಗಿ ಒದಗಿಸುವ ಸೇವೆಯ ವಿಮರ್ಶೆ.

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ಗಡುವು ಮುಟ್ಟಿದ ಕೂಡಲೇ ತಾನಾಗಿ ನಡೆಯುವ ಭಾಗಗಳು ಚೆನ್ನಾಗಿವೆ. ಯಾರಾದರೂ ಬಾಯಿಬಿಟ್ಟು ಕೇಳಿದರೆ ಮಾತ್ರ ನಡೆಯುವ ಭಾಗಗಳು ಬಡಕಲಾಗಿವೆ. ಮನುಷ್ಯ ಅತ್ಯಂತ ಅಸಹಾಯಕನಾಗಿರುವ ಮೊದಲ 30 ದಿನಗಳು ಈ ಎರಡನೆಯ ಗುಂಪಿಗೆ ಸೇರಿವೆ ಎಂಬುದೇ ನಮ್ಮ ದೊಡ್ಡ ಆಕ್ಷೇಪ.

ಒಳಗೆ ಹೋಗುವ ಬಾಗಿಲು

ಕಾಯ್ದೆಯ ಪ್ರಕಾರ ದಾಖಲಾತಿ ಆದಷ್ಟೂ ರೋಗಿಯ ಸ್ವಂತ ಇಚ್ಛೆಯಿಂದಲೇ ಆಗಬೇಕು. ಇದಕ್ಕೆ ಸ್ವತಂತ್ರ ದಾಖಲಾತಿ ಎನ್ನುತ್ತಾರೆ, ಸೆಕ್ಷನ್ 86. ಹೀಗೆ ಸೇರುವ ವಯಸ್ಕರಿಗೆ ಮನೆಯವರ ಸಹಿಯೂ ಬೇಡ, ಹಾಜರಿಯೂ ಬೇಡ. ಹೊರಡುತ್ತೇನೆ ಎಂದರೆ ಕಳಿಸಬೇಕು. ಆ ಹೊತ್ತಿಗೆ ರೋಗಿಯ ಸ್ಥಿತಿ ಕೆಟ್ಟಿದೆ ಎಂದು ಕಂಡರೆ ಹೆಚ್ಚೆಂದರೆ 24 ಗಂಟೆ ತಡೆಹಿಡಿದು ಪರೀಕ್ಷೆ ಮಾಡಬಹುದು, ಅಷ್ಟೆ. ‘ಕರೆತಂದವರು ಬಂದು ಸಹಿ ಹಾಕಿದರೆ ಮಾತ್ರ ಬಿಡುತ್ತೇವೆ’ ಎಂದು ಸ್ವತಂತ್ರ ದಾಖಲಾತಿಯ ರೋಗಿಗೆ ಹೇಳಿದರೆ ಅದಕ್ಕೆ ಕಾಯ್ದೆಯಲ್ಲಿ ಆಧಾರವಿಲ್ಲ. ಆದ್ದರಿಂದ ಯಾರನ್ನಾದರೂ ನೋಡಲು ಆಸ್ಪತ್ರೆಗೆ ಹೋದಾಗ ಕೇಳಬೇಕಾದ ಮೊದಲ ಪ್ರಶ್ನೆ: ‘ಇವರು ಯಾವ ಸೆಕ್ಷನ್‌ನಲ್ಲಿ ದಾಖಲಾಗಿದ್ದಾರೆ?’ ಉತ್ತರ ಕೊಡುವುದು ಆಸ್ಪತ್ರೆಯ ಕರ್ತವ್ಯ. ಸೆಕ್ಷನ್ 22ರ ಪ್ರಕಾರ, ಯಾವ ಕಲಮಿನಡಿ ಸೇರಿಸಿಕೊಂಡಿದ್ದಾರೆ, ಅದನ್ನು ಪ್ರಶ್ನಿಸುವ ಹಕ್ಕು ಎಲ್ಲಿದೆ ಎಂಬುದನ್ನು ರೋಗಿಗೂ ಅವರ ಪ್ರತಿನಿಧಿಗೂ ಅರ್ಥವಾಗುವ ಭಾಷೆಯಲ್ಲಿ ತಿಳಿಸಬೇಕು.

ಒಪ್ಪಿಗೆಯಿಲ್ಲದೆ ಸೇರಿಸುವ ಬಾಗಿಲು ಸೆಕ್ಷನ್ 89. ಇದರ ಹೆಸರು ಬೆಂಬಲಿತ ದಾಖಲಾತಿ, ಮಿತಿ 30 ದಿನ. ರೋಗಿಯ ಪರವಾಗಿ ನಿಲ್ಲಲು ಗೊತ್ತಾದವರು, ಅಂದರೆ ನಾಮನಿರ್ದೇಶಿತ ಪ್ರತಿನಿಧಿ, ಲಿಖಿತ ಅರ್ಜಿ ಕೊಡಬೇಕು. ದಾಖಲಾದ ದಿನ ಅಥವಾ ಅದರ ಹಿಂದಿನ 7 ದಿನಗಳೊಳಗೆ ಇಬ್ಬರು ಬೇರೆಬೇರೆಯಾಗಿ ಪರೀಕ್ಷಿಸಿರಬೇಕು. ಒಬ್ಬರು ಮನೋವೈದ್ಯರೇ ಆಗಿರಬೇಕು, ಇನ್ನೊಬ್ಬರು ಮಾನಸಿಕ ಆರೋಗ್ಯ ವೃತ್ತಿಪರರಾಗಲಿ ಸಾಮಾನ್ಯ ವೈದ್ಯರಾಗಲಿ ಆಗಬಹುದು. ಮೂರರಲ್ಲಿ ಒಂದು ಸ್ಥಿತಿಯಾದರೂ ಇದೆ ಎಂದು ಇಬ್ಬರಿಗೂ ಪ್ರತ್ಯೇಕವಾಗಿ ಕಂಡಿರಬೇಕು: ಇತ್ತೀಚೆಗೆ ತನ್ನ ದೇಹಕ್ಕೆ ಅಪಾಯ ಮಾಡಿಕೊಳ್ಳಲು ಯತ್ನಿಸಿರುವುದು ಅಥವಾ ಮಾಡಿಕೊಳ್ಳುತ್ತೇನೆಂದು ಬೆದರಿಸಿರುವುದು, ಬೇರೆಯವರ ಮೇಲೆ ಹಿಂಸೆಗಿಳಿದಿರುವುದು ಅಥವಾ ಅವರಿಗೆ ಹೊಡೆತದ ಭಯ ಹುಟ್ಟಿಸಿರುವುದು, ತನ್ನನ್ನು ತಾನು ನೋಡಿಕೊಳ್ಳಲಾಗದೆ ಅದರಿಂದಲೇ ಅಪಾಯಕ್ಕೆ ಸಿಲುಕುವ ಹಂತ ಮುಟ್ಟಿರುವುದು. ಇದರ ಜೊತೆಗೆ, ಇದಕ್ಕಿಂತ ಕಡಿಮೆ ನಿರ್ಬಂಧದ ಬೇರೆ ದಾರಿಯಿಲ್ಲ ಎಂದೂ, ರೋಗಿ ತಾನಾಗಿ ನಿರ್ಧರಿಸುವ ಸ್ಥಿತಿಯಲ್ಲಿಲ್ಲ ಎಂದೂ ದಾಖಲೆಯಲ್ಲಿ ಬರೆದಿರಬೇಕು.

ಕಾಗದದ ಮೇಲೆ ಇದು ಒಳ್ಳೆಯ ವಿನ್ಯಾಸ. 1987ರ ಹಳೆಯ ಕಾಯ್ದೆಯಲ್ಲಿ ಬಂಧು ಅಥವಾ ಸ್ನೇಹಿತರ ಅರ್ಜಿಯ ಮೇಲೆ, ಎರಡು ವೈದ್ಯಕೀಯ ಪ್ರಮಾಣಪತ್ರದೊಂದಿಗೆ, 90 ದಿನಗಳವರೆಗೆ ಇರಿಸಿಕೊಳ್ಳಬಹುದಿತ್ತು. ಅದಕ್ಕೆ ಹೋಲಿಸಿದರೆ 30 ದಿನದ ಮಿತಿ ದೊಡ್ಡ ಹೆಜ್ಜೆ. ಎಡವಟ್ಟಾಗುವುದು ‘ಬೇರೆಬೇರೆಯಾಗಿ’ ಎಂಬ ಪದದಲ್ಲಿ. ಮನೋವೈದ್ಯರು ಬರೆದದ್ದರ ಕೆಳಗೆ ಡ್ಯೂಟಿ ಡಾಕ್ಟರ್ ಒಂದು ಸಹಿ ಹಾಕಿದರೆ ಅದು ಎರಡನೆಯ ಪರೀಕ್ಷೆ ಆಗುವುದಿಲ್ಲ. ಕೇಸ್ ಶೀಟ್ ನೋಡುವವರು ಮೂರು ಸಂಗತಿ ಹುಡುಕಬೇಕು. ಎರಡು ಟಿಪ್ಪಣಿಗಳಿಗೆ ಪ್ರತ್ಯೇಕ ದಿನಾಂಕ, ಪ್ರತ್ಯೇಕ ಸಮಯ ಇದೆಯೇ? ಇಬ್ಬರೂ ತಮ್ಮ ಕಣ್ಣಿಗೆ ಬಿದ್ದದ್ದನ್ನು ಬರೆದಿದ್ದಾರೆಯೇ, ಮನೆಯವರು ಹೇಳಿದ್ದನ್ನಷ್ಟೇ ಇಳಿಸಿದ್ದಾರೆಯೇ? ‘ಇತ್ತೀಚೆಗೆ’ ಎಂಬುದಕ್ಕೆ ದಿನಾಂಕದ ಆಧಾರ ಇದೆಯೇ? ಐದು ವರ್ಷದ ಹಿಂದಿನ ಜಗಳ ಇವತ್ತಿನ ದಾಖಲಾತಿಗೆ ಕಾರಣವಾಗಲಾರದು.

ನಿರ್ಧಾರ ಸಾಮರ್ಥ್ಯದ ವಿಚಾರದಲ್ಲಂತೂ ಗೊಂದಲ ಇನ್ನೂ ಹೆಚ್ಚು. ಸೆಕ್ಷನ್ 4 ಕೇಳುವುದು ಇಷ್ಟನ್ನೇ: ಚಿಕಿತ್ಸೆಯ ಬಗ್ಗೆ ಹೇಳಿದ್ದು ಇವರಿಗೆ ತಿಳಿಯುತ್ತದೆಯೇ, ಬೇಕು ಅಥವಾ ಬೇಡ ಎಂದರೆ ಏನಾಗಬಹುದು ಎಂಬ ಅಂದಾಜು ಇದೆಯೇ, ಮಾತು, ಸನ್ನೆ ಅಥವಾ ಇನ್ಯಾವುದಾದರೂ ರೀತಿಯಲ್ಲಿ ತಮ್ಮ ತೀರ್ಮಾನವನ್ನು ತಿಳಿಸಬಲ್ಲರೇ. ಬೇರೆಯವರ ಕಣ್ಣಿಗೆ ಆ ತೀರ್ಮಾನ ತಪ್ಪೆಂದು ಕಂಡಿತು ಎಂಬ ಒಂದೇ ಕಾರಣಕ್ಕೆ ಸಾಮರ್ಥ್ಯ ಇಲ್ಲ ಎನ್ನುವಂತಿಲ್ಲ ಎಂದು ಕಾಯ್ದೆ ಬಿಡಿಸಿ ಹೇಳಿದೆ. ‘ಮಾತ್ರೆ ಬೇಡ ಅಂತಾನೆ, ಅದಕ್ಕೇ ಬುದ್ಧಿ ಇಲ್ಲ’ ಎಂಬ ತರ್ಕ ಇಲ್ಲಿ ನಡೆಯದು. ಸೆಕ್ಷನ್ 3 ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿದೆ: ಕುಟುಂಬದ ಅಥವಾ ಸಮಾಜದ ನೀತಿ, ಸಂಪ್ರದಾಯ, ಧರ್ಮ, ರಾಜಕೀಯಕ್ಕೆ ಹೊಂದಿಕೊಳ್ಳಲಿಲ್ಲ ಎಂಬುದು ಮಾನಸಿಕ ಕಾಯಿಲೆಗೆ ಆಧಾರವಲ್ಲ. ಜಾತಿ ಮೀರಿ ಮದುವೆಯಾಗಲು ಹೊರಟ ಮಗಳನ್ನು ‘ಚಿಕಿತ್ಸೆಗೆ’ ಸೇರಿಸಲು ನೋಡುವವರ ಮುಂದೆ ಹಿಡಿಯಬೇಕಾದ ಸಾಲು ಇದು. 89ನೇ ಸೆಕ್ಷನ್‌ನಲ್ಲಿರುವಾಗ ಈ ಸಾಮರ್ಥ್ಯವನ್ನು 7 ದಿನಕ್ಕೊಮ್ಮೆ ಮತ್ತೆ ಅಳೆಯಬೇಕು. ನಾಲ್ಕು ವಾರ ಕಳೆದರೂ ಕೇಸ್ ಶೀಟಿನಲ್ಲಿ ಮೊದಲ ದಿನದ ಒಂದೇ ಟಿಪ್ಪಣಿ ಇದ್ದರೆ, ದಾಖಲಾತಿಗಳನ್ನು ಪರಿಶೀಲಿಸುವ ರಿವ್ಯೂ ಬೋರ್ಡಿನ ಮುಂದೆ (ಅದರ ವಿವರ ಕೆಳಗಿದೆ) ಅದು ಬಲವಾದ ಆಕ್ಷೇಪ.

ಪ್ರತಿನಿಧಿ ಯಾರು ಎಂಬಲ್ಲೇ ಅರ್ಧ ಕಥೆ

ನಾಮನಿರ್ದೇಶಿತ ಪ್ರತಿನಿಧಿಯನ್ನು ಆರಿಸುವ ಹಕ್ಕು ಪ್ರತಿಯೊಬ್ಬ ವಯಸ್ಕರದು. ಬಿಳಿ ಹಾಳೆಯಲ್ಲಿ ಬರೆದು ಸಹಿ ಅಥವಾ ಹೆಬ್ಬೆಟ್ಟು ಒತ್ತಿದರೆ ಸಾಕು, ಛಾಪಾ ಕಾಗದ ಬೇಕಿಲ್ಲ. ಆರಿಸಿದವರು ವಯಸ್ಕರಾಗಿರಬೇಕು, ಒಪ್ಪಿಗೆಯನ್ನು ಲಿಖಿತವಾಗಿ ಕೊಡಬೇಕು. ರಕ್ತಸಂಬಂಧಿಯೇ ಆಗಬೇಕೆಂಬ ನಿಯಮವಿಲ್ಲ, ಗೆಳತಿಯೂ ಆಗಬಹುದು, ಸಹೋದ್ಯೋಗಿಯೂ ಆಗಬಹುದು. ಯಾವಾಗ ಬೇಕಾದರೂ ಬದಲಿಸಬಹುದು. ಯಾರನ್ನೂ ಆರಿಸದಿದ್ದರೆ ಮಾತ್ರ ಸಂಬಂಧಿಕರು, ಆಮೇಲೆ ಆರೈಕೆ ಮಾಡುವವರು, ಆಮೇಲೆ ಬೋರ್ಡ್ ನೇಮಿಸಿದವರು ಎಂಬ ಸಾಲು ಬರುತ್ತದೆ.

ಇದನ್ನು ನಾವು ಇಡೀ ಕಾಯ್ದೆಯ ಅತ್ಯುತ್ತಮ ಸಾಧನ ಎಂದು ಎಣಿಸುತ್ತೇವೆ, ಅತಿ ಕಡಿಮೆ ಬಳಕೆಯಾಗುವ ಸಾಧನ ಎಂದೂ. ಅರ್ಜಿ ಹಾಕುವವರೂ ಪ್ರತಿನಿಧಿಯೇ, ಹೊರಗೆ ತರಲು ಬೋರ್ಡಿಗೆ ಬರೆಯಬಲ್ಲವರೂ ಪ್ರತಿನಿಧಿಯೇ. ಆಸ್ತಿ ಪಾಲಿನಲ್ಲಿ ಜಗಳವಿರುವ ಅಣ್ಣನೋ, ವಿಚ್ಛೇದನದ ಕೇಸು ನಡೆಸುತ್ತಿರುವ ಗಂಡನೋ ‘ಸಂಬಂಧಿಕ’ ಎಂಬ ಹೆಸರಿನಲ್ಲಿ ಆ ಕುರ್ಚಿಯಲ್ಲಿ ಕುಳಿತರೆ ಉಳಿದೆಲ್ಲ ಕಾವಲು ಕುಂಟುತ್ತದೆ. ಅಂಥ ಪ್ರತಿನಿಧಿಯನ್ನು ತೆಗೆಯಿರಿ ಎಂದು ಬೋರ್ಡಿಗೆ ಕೇಳಬಹುದು. ಆದರೆ ಆರೋಗ್ಯ ಚೆನ್ನಾಗಿರುವಾಗಲೇ ಒಂದು ಹಾಳೆ ಬರೆದಿಟ್ಟವರಿಗೆ ಆ ಅಲೆದಾಟವೇ ಇರುವುದಿಲ್ಲ. ಈ ಹಿಂದೆ ಒಮ್ಮೆ ಆಸ್ಪತ್ರೆ ಸೇರಿ ಬಂದವರು, ಮತ್ತೆ ಸೇರಬೇಕಾಗಬಹುದು ಎಂಬ ಅಳುಕಿರುವವರು ಇವತ್ತೇ ಬರೆದಿಡುವುದು ಮೇಲು. ಒಂದು ಪ್ರತಿ ಪ್ರತಿನಿಧಿಯ ಕೈಯಲ್ಲಿರಲಿ, ಇನ್ನೊಂದು ನೋಡುವ ವೈದ್ಯರ ಕಡತದಲ್ಲಿರಲಿ.

ಮುಂಗಡ ನಿರ್ದೇಶನ ಇದರ ಜೋಡಿ. ಕಾಯಿಲೆ ಜೋರಾದಾಗ ಯಾವ ಚಿಕಿತ್ಸೆ ಬೇಕು, ಯಾವುದು ಬೇಡ, ಪ್ರತಿನಿಧಿ ಯಾರು ಎಂದು ಮುಂಚಿತವಾಗಿ ಬರೆದಿಡುವುದು. ವೈದ್ಯರಿಗಾಗಲಿ ಮನೆಯವರಿಗಾಗಲಿ ಅದು ಸರಿಯೆನಿಸದಿದ್ದರೆ ಬೋರ್ಡಿಗೆ ಹೋಗಿ ಬದಲಾವಣೆ ಕೇಳಬೇಕು, ತಾವಾಗಿ ಮೀರುವಂತಿಲ್ಲ. ತುರ್ತು ಚಿಕಿತ್ಸೆಗೆ ಮಾತ್ರ ಇದು ಅನ್ವಯಿಸುವುದಿಲ್ಲ. ತಯಾರಿಸಲು ನಾಮನಿರ್ದೇಶನಕ್ಕಿಂತ ಸ್ವಲ್ಪ ಹೆಚ್ಚು ಕೆಲಸ ಬೇಕು, ನಿಗದಿತ ನಮೂನೆಯಲ್ಲಿ ಮಾಡಿ ಬೋರ್ಡಿನಲ್ಲಿ ನೋಂದಾಯಿಸಿದರೆ ಮುಂದೆ ತಕರಾರು ಕಡಿಮೆ.

ಬೋರ್ಡಿಗೆ ಹೋಗುವುದು ಹೇಗೆ

ಮಾನಸಿಕ ಆರೋಗ್ಯ ಪುನರ್‌ಪರಿಶೀಲನಾ ಮಂಡಳಿ, ಆಡುಮಾತಿನಲ್ಲಿ ರಿವ್ಯೂ ಬೋರ್ಡ್, ಒಂದು ಜಿಲ್ಲೆಗೆ ಅಥವಾ ಕೆಲವು ಜಿಲ್ಲೆಗಳ ಗುಂಪಿಗೆ ಒಂದರಂತೆ ಇರಬೇಕು. ಜಿಲ್ಲಾ ನ್ಯಾಯಾಧೀಶರು, ನಿವೃತ್ತ ಜಿಲ್ಲಾ ನ್ಯಾಯಾಧೀಶರು ಅಥವಾ ಆ ಹುದ್ದೆಗೆ ಅರ್ಹರಾದ ನ್ಯಾಯಾಂಗ ಅಧಿಕಾರಿ ಅದರ ಅಧ್ಯಕ್ಷರು. ಜಿಲ್ಲಾಧಿಕಾರಿಯ ಪ್ರತಿನಿಧಿ, ಒಬ್ಬ ಮನೋವೈದ್ಯ, ಒಬ್ಬ ವೈದ್ಯ, ಜೊತೆಗೆ ಕಾಯಿಲೆ ಅನುಭವಿಸಿದವರು, ಆರೈಕೆದಾರರು ಅಥವಾ ಅವರ ಸಂಘಟನೆಗಳ ಕಡೆಯಿಂದ ಇಬ್ಬರು ಇರುತ್ತಾರೆ. ಈ ಕೊನೆಯ ಇಬ್ಬರ ಸ್ಥಾನವನ್ನು ನಾವು ತುಂಬಾ ಮೆಚ್ಚುತ್ತೇವೆ. ವಾರ್ಡಿನ ರಾತ್ರಿ ಹೇಗಿರುತ್ತದೆ ಎಂದು ಬಲ್ಲವರು ತೀರ್ಪು ಕೊಡುವ ಸಾಲಿನಲ್ಲಿ ಕೂರುವುದು ನಮ್ಮ ಕಾನೂನುಗಳಲ್ಲಿ ಅಪರೂಪ.

89ರಡಿ ಯಾರನ್ನಾದರೂ ಸೇರಿಸಿಕೊಂಡರೆ ಆಸ್ಪತ್ರೆ ಬೋರ್ಡಿಗೆ ವರದಿ ಕಳಿಸಬೇಕು. ಹೆಂಗಸರು ಮತ್ತು ಮಕ್ಕಳ ವಿಷಯದಲ್ಲಿ 3 ದಿನದೊಳಗೆ, ಉಳಿದವರ ವಿಷಯದಲ್ಲಿ 7 ದಿನದೊಳಗೆ. ತೊಡಕು ಇಲ್ಲೇ ಇದೆ. ವರದಿ ತಲುಪಿದ ಮಾತ್ರಕ್ಕೆ ಬೋರ್ಡ್ ವಿಚಾರಣೆ ನಡೆಸಲೇಬೇಕು ಎಂದು 89 ಕಡ್ಡಾಯ ಮಾಡಿಲ್ಲ. ರೋಗಿಯೋ, ಪ್ರತಿನಿಧಿಯೋ, ರೋಗಿಯ ಒಪ್ಪಿಗೆ ಪಡೆದ ನೋಂದಾಯಿತ ಸಂಸ್ಥೆಯವರೋ ಅರ್ಜಿ ಕೊಟ್ಟರೆ 7 ದಿನದೊಳಗೆ ತೀರ್ಮಾನಿಸಬೇಕು. ಕೇಳಿದರೆ ಏಳು ದಿನ, ಕೇಳದಿದ್ದರೆ ಮೂವತ್ತು ದಿನ ಹಾಗೆಯೇ. ಔಷಧದ ಮಂಪರಿನಲ್ಲಿರುವ, ಫೋನು ಕೈಗೆ ಸಿಗದ, ಬೋರ್ಡ್ ಎಂಬುದೊಂದಿದೆ ಎಂದೇ ತಿಳಿಯದ ಮನುಷ್ಯ ಕೇಳುವುದು ಹೇಗೆ? ಪ್ರತಿಯೊಂದು ವರದಿಯ ಬೆನ್ನಿಗೂ ಒಬ್ಬ ವಕೀಲರೋ ಬೋರ್ಡಿನ ಸದಸ್ಯರೋ ಮೊದಲ ವಾರದಲ್ಲೇ ರೋಗಿಯನ್ನು ಕಾಣುವಂತಾಗಬೇಕು ಎಂಬುದು ನಮ್ಮ ಬಲವಾದ ಅಭಿಪ್ರಾಯ.

ಅಲ್ಲಿಯವರೆಗೆ ಅರ್ಜಿಯೇ ಗತಿ, ಸದ್ಯ ಅರ್ಜಿ ಸುಲಭ. ಶುಲ್ಕವಿಲ್ಲ. ಅರ್ಜಿದಾರರ ಹೆಸರು, ಸಂಪರ್ಕ, ಏನು ಅನ್ಯಾಯವಾಗಿದೆ, ಯಾವ ಸ್ಥಳದಲ್ಲಿ, ಏನು ಪರಿಹಾರ ಬೇಕು ಎಂಬಿಷ್ಟು ಇದ್ದರೆ ಸಾಕು. ಒಳಗಿರುವವರಿಂದ ವಿಶೇಷ ಸಂದರ್ಭದಲ್ಲಿ ಬಾಯಿಮಾತಿನಲ್ಲಿ ಅಥವಾ ಫೋನಿನಲ್ಲಿ ಬಂದ ಅರ್ಜಿಯನ್ನೂ ಬೋರ್ಡ್ ತೆಗೆದುಕೊಳ್ಳಬಹುದು. ಬರೆಯುವವರಿಗೆ ಒಂದು ಮಾದರಿ:

‘ಮಾನ್ಯ ಅಧ್ಯಕ್ಷರಿಗೆ, ನನ್ನನ್ನು (ದಿನಾಂಕ) ರಂದು (ಆಸ್ಪತ್ರೆಯ ಹೆಸರು, ಊರು) ಇಲ್ಲಿ ಸೆಕ್ಷನ್ 89ರ ಅಡಿ ದಾಖಲಿಸಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ನನ್ನನ್ನು ಇಬ್ಬರು ಪ್ರತ್ಯೇಕವಾಗಿ ಪರೀಕ್ಷಿಸಿಲ್ಲ. ಆ ಸೆಕ್ಷನ್‌ನಲ್ಲಿ ಹೇಳಿರುವ ಅಪಾಯದ ಸ್ಥಿತಿ ನನಗಿಲ್ಲ. ಸೆಕ್ಷನ್ 89(10)ರಂತೆ ದಾಖಲಾತಿಯನ್ನು ಪರಿಶೀಲಿಸಿ ಬಿಡುಗಡೆಗೆ ಆದೇಶಿಸಬೇಕೆಂದು, ಉಚಿತ ವಕೀಲರನ್ನು ಒದಗಿಸಬೇಕೆಂದು ಕೋರುತ್ತೇನೆ.’

ನಿಜವಲ್ಲದ ಸಾಲನ್ನು ಹೊಡೆದುಹಾಕಿ, ತಮ್ಮ ಸಂಗತಿ ಬರೆದು, ದಿನಾಂಕ ಹಾಕಿ ಸಹಿ ಮಾಡಬೇಕು. ಎರಡು ಪ್ರತಿ ಮಾಡಿ, ಒಂದರ ಮೇಲೆ ಸೀಲು ಮತ್ತು ದಿನಾಂಕ ಹಾಕಿಸಿಕೊಳ್ಳುವುದನ್ನು ಮರೆಯಬಾರದು. 7 ದಿನದ ಎಣಿಕೆ ಶುರುವಾಗುವುದು ಅರ್ಜಿ ತಲುಪಿದ ದಿನದಿಂದ, ಸೀಲಿಲ್ಲದಿದ್ದರೆ ಆ ದಿನವನ್ನು ಸಾಬೀತು ಮಾಡುವುದೇ ಕಷ್ಟ. ವಾರ್ಡಿನ ನರ್ಸ್ ಕೈಗೆ ಕೊಟ್ಟು ಸುಮ್ಮನಾಗುವುದು ಸಾಮಾನ್ಯ ತಪ್ಪು, ಹೊರಗಿರುವ ಒಬ್ಬರು ನೇರವಾಗಿ ಬೋರ್ಡಿಗೆ ಮುಟ್ಟಿಸಬೇಕು.

ಬೋರ್ಡಿನ ವಿಳಾಸ ಸಿಗದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಬಹುದು, ಜಿಲ್ಲಾ ನ್ಯಾಯಾಲಯದ ಆವರಣದಲ್ಲೇ ಸಾಮಾನ್ಯವಾಗಿ ಇರುತ್ತದೆ. ರಾಷ್ಟ್ರೀಯ ಸಹಾಯವಾಣಿ 15100. ಮಾನಸಿಕ ಆಸ್ಪತ್ರೆಯಲ್ಲಿ ಇರಿಸಲ್ಪಟ್ಟವರಿಗೆ ಉಚಿತ ವಕೀಲರು ಸಿಗಲು ಆದಾಯದ ಮಿತಿ ನೋಡುವುದಿಲ್ಲ. ಈ ಹಕ್ಕು ಇದೆ ಎಂದು ರೋಗಿಗೆ ತಿಳಿಸುವ ಹೊಣೆಯನ್ನು ಸೆಕ್ಷನ್ 27 ವೈದ್ಯಾಧಿಕಾರಿಗೂ ಪೊಲೀಸರಿಗೂ ಮ್ಯಾಜಿಸ್ಟ್ರೇಟರಿಗೂ ಹೊರಿಸಿದೆ. ಬೋರ್ಡಿನ ತೀರ್ಮಾನ ಒಪ್ಪಿಗೆಯಾಗದಿದ್ದರೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ. ಬೋರ್ಡ್ ಕೂರುತ್ತಲೇ ಇಲ್ಲ, ಮನುಷ್ಯ ಎಲ್ಲಿದ್ದಾನೆಂದೇ ಗೊತ್ತಾಗುತ್ತಿಲ್ಲ ಎನ್ನುವಂತಿದ್ದರೆ ಹೇಬಿಯಸ್ ಕಾರ್ಪಸ್ ಅರ್ಜಿಯೇ, ಅಂದರೆ ಆ ವ್ಯಕ್ತಿಯನ್ನು ಕೋರ್ಟಿನ ಮುಂದೆ ಹಾಜರುಪಡಿಸಿ ಎಂದು ಹೈಕೋರ್ಟನ್ನು ಕೇಳುವ ಅರ್ಜಿಯೇ, ಸೂಕ್ತ. ನಮ್ಮಲ್ಲಿ ಬೆಂಗಳೂರು, ಧಾರವಾಡ, ಕಲಬುರಗಿ ಮೂರೂ ಕಡೆ ಹೈಕೋರ್ಟ್ ಪೀಠ ಇರುವುದರಿಂದ ಉತ್ತರದ ಜಿಲ್ಲೆಗಳವರು ರಾಜಧಾನಿಗೆ ಓಡಬೇಕಿಲ್ಲ.

30 ದಿನ ದಾಟಿದರೆ

ಇಲ್ಲಿ ಕಾವಲು ಬಿಗಿಯಾಗುತ್ತದೆ. ಸೆಕ್ಷನ್ 90ರಡಿ ಮುಂದುವರಿಸಲು ಇಬ್ಬರೂ ಮನೋವೈದ್ಯರೇ ಆಗಿರಬೇಕು. 7 ದಿನದೊಳಗೆ ಬೋರ್ಡಿಗೆ ತಿಳಿಸಬೇಕು, ಬೋರ್ಡ್ 21 ದಿನದೊಳಗೆ ಒಂದೋ ಅನುಮತಿ ಕೊಡಬೇಕು, ಇಲ್ಲವೋ ಬಿಡುಗಡೆಗೆ ಆದೇಶಿಸಬೇಕು. ಯಾರೂ ಕೇಳಬೇಕಿಲ್ಲ, ತಾನಾಗಿ ನಡೆಯಬೇಕು. ಮೊದಲ ಬಾರಿ 90 ದಿನ, ಮುಂದೆ 120, ಆಮೇಲೆ ಪ್ರತಿ ಬಾರಿ 180 ದಿನದ ಮಿತಿ. ನಿರ್ಧಾರ ಸಾಮರ್ಥ್ಯವನ್ನು ಹದಿನೈದು ದಿನಕ್ಕೊಮ್ಮೆ ನೋಡಬೇಕು. 30ನೇ ದಿನ ಕಾಗದದಲ್ಲಿ ಬಿಡುಗಡೆ ಮಾಡಿ 31ನೇ ದಿನ ಹೊಸದಾಗಿ 89ರಡಿ ಸೇರಿಸಿಕೊಳ್ಳುವ ಉಪಾಯಕ್ಕೂ ಬೇಲಿ ಹಾಕಿದ್ದಾರೆ: 7 ದಿನದೊಳಗೆ ಮರಳಿ ಸೇರಿಸುವುದಾದರೆ 90ರಡಿಯೇ ಸೇರಿಸಬೇಕು. ಸಣ್ಣ ಊರುಗಳಲ್ಲಿ ಇಬ್ಬರು ಮನೋವೈದ್ಯರನ್ನು ಹೊಂದಿಸುವುದು ನಿಜಕ್ಕೂ ಕಷ್ಟ. ಆ ಕಷ್ಟಕ್ಕೆ ಪರಿಹಾರ ರೋಗಿಯನ್ನು ದೊಡ್ಡ ಆಸ್ಪತ್ರೆಗೆ ವರ್ಗಾಯಿಸುವುದು, ಹಳೆಯ ತಾರೀಖು ಹಾಕುವುದಲ್ಲ.

ವ್ಯಸನಮುಕ್ತಿ ಕೇಂದ್ರಗಳ ‘ಪಿಕಪ್’

ಜನ ಹೆಚ್ಚು ಮೋಸಹೋಗುವ ಜಾಗ ಇದು. ಕುಡಿತ ಮತ್ತು ಮಾದಕ ವಸ್ತುವಿನ ದುರ್ಬಳಕೆಗೆ ಸಂಬಂಧಿಸಿದ ಮಾನಸಿಕ ಸ್ಥಿತಿಗಳೂ ಕಾಯ್ದೆಯ ಅರ್ಥದಲ್ಲಿ ಮಾನಸಿಕ ಕಾಯಿಲೆಯೇ. ಅಂಥವರನ್ನು ಆರೈಕೆಗೆಂದು ಇರಿಸಿಕೊಳ್ಳುವ ಕೇಂದ್ರಕ್ಕೂ ನೋಂದಣಿ ಬೇಕು, 30 ದಿನದ ಲೆಕ್ಕ ಬೇಕು, ಇಬ್ಬರ ಪರೀಕ್ಷೆ ಬೇಕು, ಬೋರ್ಡಿಗೆ ವರದಿ ಬೇಕು. ‘ಆರು ತಿಂಗಳ ಪ್ಯಾಕೇಜ್, ನಾವೇ ಮನೆಯಿಂದ ಎತ್ತಿಕೊಂಡು ಬರುತ್ತೇವೆ, ಮೂರು ತಿಂಗಳು ಭೇಟಿ ಇಲ್ಲ’ ಎಂಬ ಜಾಹೀರಾತಿನ ಮೂರು ಮಾತೂ ಕಾಯ್ದೆಗೆ ವಿರುದ್ಧ. ಒಪ್ಪಿಗೆಯಿಲ್ಲದವರಿಗೆ ಆರು ತಿಂಗಳನ್ನು ಮೊದಲೇ ನಿಗದಿ ಮಾಡುವಂತಿಲ್ಲ. ಭೇಟಿ ಮತ್ತು ಫೋನಿನ ಹಕ್ಕು ಸೆಕ್ಷನ್ 26ರಲ್ಲಿದೆ. ಇನ್ನು ಎತ್ತಿಕೊಂಡು ಬರುವುದು: ಸೆಕ್ಷನ್ 94ರ ತುರ್ತು ಚಿಕಿತ್ಸೆಯಲ್ಲಿ ಹತ್ತಿರದ ಆಸ್ಪತ್ರೆಗೆ ಸಾಗಿಸುವುದೂ ಸೇರಿದೆ ನಿಜ, ಆದರೆ ಅದನ್ನು ಮಾಡಬೇಕಾದವರು ನೋಂದಾಯಿತ ವೈದ್ಯರು, ಪ್ರಾಣಾಪಾಯದಂಥ ಕಾರಣ ಇರಬೇಕು, ಗರಿಷ್ಠ 72 ಗಂಟೆ. ವ್ಯಾನಿನಲ್ಲಿ ಬಂದ ನಾಲ್ಕು ಗಟ್ಟಿಮುಟ್ಟಾದ ಹುಡುಗರು ಆ ಸೆಕ್ಷನ್ನಿನೊಳಗೆ ಬರುವುದಿಲ್ಲ. 2018ರಲ್ಲಿ ದೆಹಲಿ ಹೈಕೋರ್ಟ್ ತೀರ್ಪು ಕೊಟ್ಟ ಪ್ರಕರಣವೊಂದರಲ್ಲಿ ವಯಸ್ಕ ಮಗಳನ್ನು ಹೆತ್ತವರು ಹೀಗೆ ಬಲವಂತದಿಂದ ಸಾಗಿಸಿ ಸೇರಿಸಿದ್ದರು. ಆಗ ಅನ್ವಯವಾಗುತ್ತಿದ್ದ ಹಳೆಯ ಕಾಯ್ದೆಯಡಿಯಲ್ಲೂ ಅದು ಕಾನೂನುಬಾಹಿರ ಎಂದು ನ್ಯಾಯಾಲಯ ಹೇಳಿ ಪರಿಹಾರ ಕೊಡಿಸಿತು.

ಹಣ ಕಟ್ಟುವ ಮುಂಚೆ ಮನೆಯವರು ಕೇಂದ್ರದವರನ್ನು ಕೇಳಬೇಕಾದದ್ದು: ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಪತ್ರ ತೋರಿಸಿ. ನೋಡುವ ಮನೋವೈದ್ಯರು ಯಾರು, ವಾರದಲ್ಲಿ ಯಾವ ದಿನ ಬರುತ್ತಾರೆ? ಬೋರ್ಡಿಗೆ ಕಳಿಸುವ ವರದಿಯ ಪ್ರತಿ ನಮಗೆ ಕೊಡುತ್ತೀರಾ? ಮೂರನೆಯ ಪ್ರಶ್ನೆಗೆ ತಡವರಿಸಿದರೆ ಅಲ್ಲಿಂದ ಎದ್ದು ಬರುವುದೇ ಸರಿ. ನೋಂದಣಿಯಿಲ್ಲದೆ ನಡೆಸುವವರಿಗೆ ಮೊದಲ ಸಲ 5,000ದಿಂದ 50,000 ರೂಪಾಯಿ ದಂಡ, ಮರುಕಳಿಸಿದರೆ 5 ಲಕ್ಷದವರೆಗೂ ಏರುತ್ತದೆ. ಮೊದಲ ಹಂತದ ದಂಡ ತೀರಾ ಕಡಿಮೆಯಾಯಿತು.

ವಾರ್ಡಿನ ಒಳಗೆ

ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ. ತಮಿಳುನಾಡಿನ ಏರ್ವಾಡಿಯಲ್ಲಿ 2001ರ ಆಗಸ್ಟ್ 6ರಂದು ಬೆಂಕಿ ಬಿದ್ದಾಗ ಕಟ್ಟಿಹಾಕಿದ್ದ 28 ಮಂದಿ ಓಡಲಾಗದೆ ಸತ್ತರು. ಸೆಕ್ಷನ್ 95ರ ಆ ಪುಟ್ಟ ಸಾಲನ್ನು ಓದುವಾಗ ಅವರು ನೆನಪಾಗಬೇಕು. ಅರಿವಳಿಕೆ ಮತ್ತು ಸ್ನಾಯು ಸಡಿಲಿಸುವ ಔಷಧವಿಲ್ಲದೆ ಇ.ಸಿ.ಟಿ. (ಮಿದುಳಿಗೆ ವಿದ್ಯುತ್ ಹಾಯಿಸುವ ಚಿಕಿತ್ಸೆ) ಕೊಡುವಂತಿಲ್ಲ, ತುರ್ತು ಚಿಕಿತ್ಸೆ ಎಂಬ ಹೆಸರಿನಲ್ಲೂ ಕೊಡುವಂತಿಲ್ಲ. ಬಲವಂತವಾಗಿ ತಲೆ ಬೋಳಿಸುವಂತಿಲ್ಲ, ಸ್ವಂತ ಬಟ್ಟೆ ಬೇಡ ಎನ್ನುವಂತಿಲ್ಲ. ಒಂಟಿ ಕೋಣೆಯಲ್ಲಿ ಕೂಡಿಹಾಕುವಂತಿಲ್ಲ. ಕೈಕಾಲು ಕಟ್ಟುವುದು ತಕ್ಷಣದ ಅಪಾಯ ತಪ್ಪಿಸಲು ಬೇರೆ ಉಪಾಯವೇ ಇಲ್ಲದಾಗ ಮಾತ್ರ, ಮನೋವೈದ್ಯರ ಅನುಮತಿಯಿಂದ, ಕಾರಣ ಮತ್ತು ಅವಧಿ ಬರೆದು. ಪ್ರತಿನಿಧಿಗೆ ಅದನ್ನು 24 ಗಂಟೆಯೊಳಗೆ ತಿಳಿಸಬೇಕು. ‘ಗಲಾಟೆ ಮಾಡಿದ’ ಎಂಬುದಷ್ಟೇ ಬರೆದಿದ್ದರೆ ಅದು ಶಿಕ್ಷೆ ಕೊಟ್ಟಂತೆ, ಕಾಯ್ದೆ ಅದನ್ನು ಒಪ್ಪುವುದಿಲ್ಲ.

ಬೀದಿಯಲ್ಲಿ ಅಲೆಯುವ, ತನ್ನನ್ನು ನೋಡಿಕೊಳ್ಳಲಾಗದವರನ್ನು ಪೊಲೀಸರು ರಕ್ಷಣೆಗೆ ಪಡೆದರೆ 24 ಗಂಟೆಯೊಳಗೆ ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಒಯ್ಯಬೇಕು. ಲಾಕಪ್ಪಿನಲ್ಲಿ ಒಂದು ರಾತ್ರಿಯೂ ಇಡುವಂತಿಲ್ಲ. ಮನೆಯೊಳಗೇ ಕೂಡಿಹಾಕಿದ್ದಾರೆ, ಹೊಡೆಯುತ್ತಾರೆ, ಊಟ ಹಾಕುತ್ತಿಲ್ಲ ಎಂದು ಗೊತ್ತಾದರೆ ನೆರೆಹೊರೆಯವರು ಠಾಣೆಗೆ ತಿಳಿಸಬಹುದು. ಠಾಣಾಧಿಕಾರಿ ಮ್ಯಾಜಿಸ್ಟ್ರೇಟರಿಗೆ ವರದಿ ಮಾಡಬೇಕು. ಮ್ಯಾಜಿಸ್ಟ್ರೇಟರು ತಪಾಸಣೆಗೆಂದು ಹೆಚ್ಚೆಂದರೆ 10 ದಿನ ದಾಖಲಿಸಲು ಆದೇಶಿಸಬಹುದು, ಆಮೇಲಿನದ್ದು ಮತ್ತೆ ಅದೇ 86, 89ರ ದಾರಿ.

ಮನೆಯಲ್ಲೊಬ್ಬರ ಸ್ಥಿತಿ ಕೈಮೀರುತ್ತಿದೆ ಎನ್ನುವವರಿಗೆ ಇಷ್ಟೆಲ್ಲ ನಿಯಮ ಅಡ್ಡಿಯಂತೆ ಕಾಣಬಹುದು. ಆದರೆ ನಿಯಮದಂತೆ ಸೇರಿಸಿದ ದಾಖಲಾತಿಗೆ ಯಾವ ಅಡ್ಡಿಯೂ ಇಲ್ಲ: ಪ್ರತಿನಿಧಿಯ ಅರ್ಜಿ, ಇಬ್ಬರ ಪರೀಕ್ಷೆ, ಎರಡನ್ನೂ ಆಸ್ಪತ್ರೆಗೆ ಹೋದ ದಿನವೇ ಮುಗಿಸಬಹುದು. ಹೊರಡುವ ಮುಂಚೆ ಹಿಂದಿನ ಚೀಟಿಗಳು, ನುಂಗುತ್ತಿರುವ ಮಾತ್ರೆಗಳ ಪಟ್ಟಿ, ನಾಮನಿರ್ದೇಶನ ಪತ್ರವಿದ್ದರೆ ಅದು, ಕಳೆದ ಒಂದೆರಡು ವಾರದಲ್ಲಿ ಯಾವ ದಿನ ಏನಾಯಿತು ಎಂದು ತಾರೀಖಿನೊಂದಿಗೆ ಬರೆದ ಒಂದು ಹಾಳೆ ಜೊತೆಗಿರಲಿ. ಎಲ್ಲಿಗೆ ಕರೆದೊಯ್ಯಬೇಕೆಂದು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ-ಮಾನಸ್‌ಗೆ, 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲೇ ಮಾತಾಡಬಹುದು.